ಕೊಳಗದಿಂದ ಮತಪೆಟ್ಟಿಗೆಗೆ: ಶಾಂತವೇರಿ ಗೋಪಾಲಗೌಡರ ಆರಂಭದ ರಾಜಕೀಯ

ಕನ್ನಡ ಸಾಹಿತ್ಯವಲಯಕ್ಕೆ ಶಾಂತವೇರಿ ಗೋಪಾಲಗೌಡರು (1923–1972) ಪರಿಚಿತರಾಗಿರುವುದು ಬಹುಮಟ್ಟಿಗೆ ಲೇಖಕರ ಒಡನಾಡಿಯಾಗಿ ಹಾಗೂ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ (1978) ಕಾದಂಬರಿಯ ನಾಯಕನಿಗೆ ಪ್ರೇರಣೆಯಾದ ವ್ಯಕ್ತಿಯಾಗಿ. ಈ ಪರಿಚಯದಲ್ಲಿ ಅವರ ಕೊನೆಗಾಲದ ಅನಾರೋಗ್ಯ ಮತ್ತು ವಿಷಾದಗಳೇ ಮುನ್ನೆಲೆಗೆ ಬರುತ್ತವೆ. ಆದರೆ ಅವರ ರಾಜಕೀಯದ ಸ್ವರೂಪ ನಿರ್ಧಾರವಾದದ್ದು 1951–52ರ ಕೆಲವೇ ತಿಂಗಳುಗಳಲ್ಲಿ ಎಂಬುದು ಗಮನಾರ್ಹ.

ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಡ ಕುಟುಂಬವೊಂದರಲ್ಲಿ 1923ರ ಮಾರ್ಚ್ 14ರಂದು ಜನಿಸಿದ ಗೋಪಾಲಗೌಡರು ವಿದ್ಯಾರ್ಥಿದೆಸೆಯಲ್ಲಿಯೇ 1942ರ ಚಳವಳಿಗೆ ಧುಮುಕಿ ಸೆರೆವಾಸ ಅನುಭವಿಸಿದರು. ಸ್ವಾತಂತ್ರ್ಯಾನಂತರ ಅವರು ಆರಿಸಿಕೊಂಡದ್ದು ಅಧಿಕಾರದ ಪಕ್ಷವನ್ನಲ್ಲ, ಸಮಾಜವಾದಿ ಪಕ್ಷವನ್ನು.

ಅವರ ನಿಲುವಿಗೆ ನಿಜವಾದ ಪರೀಕ್ಷೆ ಎದುರಾದದ್ದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಅಲ್ಲಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗೇಣಿಭತ್ತವನ್ನು ಅಳೆಯಲು ಭೂಮಾಲೀಕರು ಬಳಸುತ್ತಿದ್ದ ಕೊಳಗವು ನಿಗದಿತ ಅಳತೆಗಿಂತ ದೊಡ್ಡದಾಗಿತ್ತು. ಅಳತೆಯ ಈ ಅನ್ಯಾಯವನ್ನು ಎಚ್. ಗಣಪತಿಯಪ್ಪನವರ ನೇತೃತ್ವದ ರೈತ ಸಂಘವು ಪ್ರಶ್ನಿಸಿತು. ಗೇಣಿದಾರರು ಉಳುಮೆಯ ಹಕ್ಕನ್ನೇ ಕಳೆದುಕೊಳ್ಳುವ ಸ್ಥಿತಿ ಬಂದಾಗ, 1951ರ ಏಪ್ರಿಲ್ 18ರಂದು ನೆಲ ಉಳುವ ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷವು ಅದನ್ನು ತನ್ನ ಹೋರಾಟವೆಂದು ಸ್ವೀಕರಿಸಿತು. ಗೋಪಾಲಗೌಡರು ಅದರ ಮುಂಚೂಣಿಯಲ್ಲಿ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಆದರೂ ಸತ್ಯಾಗ್ರಹವು ರೈತರಿಗೆ ಭೂಮಿಯನ್ನು ಕೂಡಲೇ ದೊರಕಿಸಿಕೊಡಲಿಲ್ಲ. ತಕ್ಷಣದ ಫಲದ ದೃಷ್ಟಿಯಿಂದ ಅದು ಸೋತ ಹೋರಾಟವೇ ಆಗಿತ್ತು.

ಈ ಸೋಲಿನ ಬೆನ್ನಲ್ಲಿಯೇ ಪ್ರಥಮ ಸಾರ್ವತ್ರಿಕ ಚುನಾವಣೆ ಬಂದಿತು. ವಯಸ್ಕ ಮತದಾನ ಪದ್ಧತಿಯು ಗೇಣಿದಾರನ ಮತಕ್ಕೂ ಒಡೆಯನ ಮತಕ್ಕೂ ಒಂದೇ ಬೆಲೆ ಕಟ್ಟಿತ್ತು. ಕೊಳಗದ ಅಳತೆಯಲ್ಲಿ ದೊರೆಯದ ಸಮಾನತೆ ಮತಪೆಟ್ಟಿಗೆಯ ಎದುರು ದೊರೆತಿತ್ತು. ಸಾಗರ–ಹೊಸನಗರ ಕ್ಷೇತ್ರದಿಂದ ಸ್ಪರ್ಧಿಸಿದ, ಇನ್ನೂ ಮೂವತ್ತು ತುಂಬದ ಗೋಪಾಲಗೌಡರು ಕಾಂಗ್ರೆಸ್ಸಿನ ಪ್ರಭಾವಿ ಮುಖಂಡ ಎ. ಆರ್. ಬದರಿನಾರಾಯಣ ಅವರನ್ನು ಸೋಲಿಸಿದರು. ಗೆದ್ದವರು ಹುಟ್ಟಿನಿಂದ ಆ ತಾಲ್ಲೂಕುಗಳವರಲ್ಲ. ಹೋರಾಟದ ಮುಂದಿನ ಸಾಲಿನಲ್ಲಿದ್ದ ದೀವರ ಸಮುದಾಯದವರೂ ಅಲ್ಲ. ಜಾತಿಯ ಲೆಕ್ಕಾಚಾರವೊಂದರಿಂದಲೇ ಈ ಗೆಲುವನ್ನು ವಿವರಿಸಲಾಗದು.

ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿನವು. ಸಮಾಜವಾದಿಗಳಿಗೆ ದೊರೆತದ್ದು ಕೇವಲ 3. ಸಂಖ್ಯಾಬಲವಿಲ್ಲದ ಸಭೆಯಲ್ಲಿ ಗೇಣಿದಾರರ ಪ್ರಶ್ನೆಯನ್ನು ಎತ್ತುವುದು ಸಾಧ್ಯವಿತ್ತು, ಬಗೆಹರಿಸುವುದು ಸಾಧ್ಯವಿರಲಿಲ್ಲ. ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಆಯ್ಕೆಯಾದಾಗಲೂ ಅವರು ವಿರೋಧಪಕ್ಷದಲ್ಲಿಯೇ ಉಳಿದರು. ಗೇಣಿಪದ್ಧತಿಯನ್ನು ರದ್ದುಗೊಳಿಸಿದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೋಪಾಲಗೌಡರು 1972ರ ಜೂನ್ 9ರಂದೇ ನಿಧನರಾಗಿದ್ದರು.

ಆದುದರಿಂದ 1952ರ ಗೆಲುವನ್ನು ವ್ಯಕ್ತಿಯೊಬ್ಬನ ರಾಜಕೀಯ ಪ್ರವೇಶವೆಂದು ಮಾತ್ರ ಓದುವುದು ಸಾಲದು. ಗದ್ದೆಯಲ್ಲಿ ಸೋತ ಬೇಡಿಕೆಯೊಂದು ಶಾಸನಸಭೆಯನ್ನು ತಲುಪಿದ ಬಗೆ ಅದರಲ್ಲಿದೆ. ಆ ಬೇಡಿಕೆ ಕಾನೂನಾಗಲು ಮತ್ತೆ ಎರಡು ದಶಕಗಳು ಬೇಕಾದವು ಎಂಬುದನ್ನೂ ಆ ಓದು ಒಳಗೊಳ್ಳಬೇಕಾಗುತ್ತದೆ.