ಕಾಲರಾ ನಂಜಿನ ಗುಟ್ಟು ಬಿಡಿಸಿದ ಶಂಭುನಾಥ ಡೇ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯಲ್ಲಿ ಕಾವೇರಿ ಕಾಡಿನ ನಡುವೆ ಹರಿಯುತ್ತಾಳೆ. ಆಂಜನೇಯನ ದರ್ಶನಕ್ಕೆ ಬಂದವರು ಹೊಳೆಯಲ್ಲಿ ಮಿಂದು, ದಡದಲ್ಲೇ ಅಡುಗೆ ಮಾಡಿ ಉಂಡು ಹೋಗುವುದು ರೂಢಿ. ಇಂತಹ ಹೊಳೆದಂಡೆಯ ಜಾತ್ರೆಗಳೆಂದರೆ ಹಿಂದಿನ ತಲೆಮಾರಿನವರಿಗೆ ತೇರಿನ ಜತೆಗೆ ಕಾಲರಾ ಚುಚ್ಚುಮದ್ದೂ ನೆನಪಾಗುತ್ತದೆ. ನೂರಾರು ಜನ ಒಂದೇ ನೀರನ್ನು ಬಳಸುವ ಕಡೆ ವಾಂತಿಭೇದಿಯ ಭಯ ತಪ್ಪಿದ್ದಲ್ಲ. ನೀರು ಎಷ್ಟೇ ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ಇದೆಯೋ ಇಲ್ಲವೋ ಎಂಬುದನ್ನು ಕಣ್ಣು ಹೇಳಲಾರದು.

ರೋಗಾಣು ಇದೆಯೆಂದು ಗೊತ್ತಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಅದು ಮನುಷ್ಯನನ್ನು ಕೊಲ್ಲುವುದು ಹೇಗೆ? ಕರುಳನ್ನು ಕೊರೆದೋ, ರಕ್ತಕ್ಕೆ ಇಳಿದೋ? ಮುಕ್ಕಾಲು ಶತಮಾನ ವಿಜ್ಞಾನಿಗಳನ್ನು ಕಾಡಿದ ಈ ಪ್ರಶ್ನೆಗೆ ಉತ್ತರ ಕೊಟ್ಟವರು ಕೋಲ್ಕತ್ತದ ವೈದ್ಯ ಡಾ. ಶಂಭುನಾಥ ಡೇ. ಬ್ಯಾಕ್ಟೀರಿಯಾಗಳ ನಂಜನ್ನು ಮಾಸ್ ಸ್ಪೆಕ್ಟ್ರೋಮೀಟರ್‌ನಂತಹ ದುಬಾರಿ ಯಂತ್ರಗಳಲ್ಲಿ ಹುಡುಕುವ ಇಂದಿನ ಪ್ರಯೋಗಾಲಯಗಳೂ ಅವರು ತೋರಿದ ದಾರಿಯಲ್ಲೇ ನಡೆಯುತ್ತಿವೆ. ಆದರೆ ಅವರ ಹೆಸರನ್ನು ಬಲ್ಲವರು ನಮ್ಮಲ್ಲಿ ವಿರಳ.

ಹಳ್ಳಿಯಿಂದ ಲಂಡನ್ನಿಗೆ

ಡೇ ಹುಟ್ಟಿದ್ದು 1915ರ ಫೆಬ್ರುವರಿ 1ರಂದು, ಬಂಗಾಳದ ಹೂಗ್ಲಿ ಜಿಲ್ಲೆಯ ಗರೀಬಾಟಿ ಎಂಬ ಹಳ್ಳಿಯಲ್ಲಿ. ತಂದೆಯದು ಸಣ್ಣ ವ್ಯಾಪಾರ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ಓದಿಗೆ ಆಸರೆಯಾಗಿ ನಿಂತವರು ಚಿಕ್ಕಪ್ಪ. ಹೂಗ್ಲಿ ಮೊಹಸಿನ್ ಕಾಲೇಜಿನ ನಂತರ ಕಲ್ಕತ್ತ ಮೆಡಿಕಲ್ ಕಾಲೇಜು ಸೇರಿದ ಅವರು 1939ರಲ್ಲಿ ವೈದ್ಯ ಪದವಿಯನ್ನೂ 1942ರಲ್ಲಿ ಉಷ್ಣವಲಯ ವೈದ್ಯದ ಡಿಪ್ಲೊಮಾವನ್ನೂ ಪಡೆದರು. 1947ರಲ್ಲಿ ಲಂಡನ್ನಿಗೆ ತೆರಳಿ, ಹೆಸರಾಂತ ರೋಗಶಾಸ್ತ್ರಜ್ಞ ರಾಯ್ ಕ್ಯಾಮೆರಾನ್ ಅವರ ಬಳಿ ಸಂಶೋಧನೆ ನಡೆಸಿ 1949ರಲ್ಲಿ ಪಿಎಚ್.ಡಿ. ಗಳಿಸಿದರು.

ಮರಳಿ ಬಂದು ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕೆ ನಿಂತ ಅವರು ಆರಿಸಿಕೊಂಡ ವಿಷಯ ಕಾಲರಾ. ಅದು ಅವರ ಊರಿನದೇ ರೋಗ. ಪ್ರಯೋಗಕ್ಕೆ ಬೇಕಾದದ್ದು ಆಸ್ಪತ್ರೆಯ ವಾರ್ಡಿನಲ್ಲೇ ಇತ್ತು.

ಕರುಳಿನ ಗಂಟು

ಜರ್ಮನಿಯ ರಾಬರ್ಟ್ ಕಾಖ್ ಕಲ್ಕತ್ತಕ್ಕೇ ಬಂದು ಕಾಲರಾ ರೋಗಿಗಳಲ್ಲಿ ಅಲ್ಪವಿರಾಮದ ಆಕಾರದ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು 1884ರಲ್ಲಿ. ಅದು ಒಂದು ಬಗೆಯ ವಿಷವನ್ನು ಸ್ರವಿಸುತ್ತಿರಬೇಕೆಂದು ಅವರು ಊಹಿಸಿದ್ದೂ ಉಂಟು. ಆದರೆ ಊಹೆಗೆ ಸಾಕ್ಷ್ಯ ದೊರೆಯಲಿಲ್ಲ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದರ ಒಡಲಿನಿಂದ ಹೊರಬೀಳುವ ವಿಷವೇ ರೋಗಕ್ಕೆ ಕಾರಣ ಎಂಬ ನಂಬಿಕೆ ಬಲವಾಗಿ ಬೇರೂರಿತು. ಸಂಶೋಧಕರು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊಳ್ಳಿಗೋ ರೋಗಾಣುಗಳನ್ನು ಚುಚ್ಚಿ ನೋಡುತ್ತಿದ್ದರು. ಪ್ರಾಣಿಗಳು ಸಾಯುತ್ತಿದ್ದವು, ಆದರೆ ಕಾಲರಾದ ಭೇದಿ ಮಾತ್ರ ಕಾಣಿಸುತ್ತಿರಲಿಲ್ಲ.

ಡೇ ಅವರ ತರ್ಕ ಸರಳವಾಗಿತ್ತು. ಕಾಲರಾ ಕರುಳಿನ ರೋಗವಾದರೆ, ಪರೀಕ್ಷೆ ನಡೆಯಬೇಕಾದ್ದು ಕರುಳಿನ ಒಳಗೇ. ಅವರು ಮೊಲದ ಸಣ್ಣಕರುಳಿನ ಒಂದು ತುಂಡನ್ನು ಎರಡೂ ಬದಿ ದಾರದಿಂದ ಬಿಗಿದು, ನಡುವೆ ಕಾಲರಾ ಬ್ಯಾಕ್ಟೀರಿಯಾಗಳನ್ನು ಸೇರಿಸಿ ಮರುದಿನ ನೋಡಿದರು. ಗಂಟು ಹಾಕಿದ ಭಾಗ ನೀರು ತುಂಬಿ ಊದಿಕೊಂಡಿತ್ತು. ಒಳಗಿದ್ದುದು ರೋಗಿಯ ಭೇದಿಯಂತಹ ಅಕ್ಕಿ ತೊಳೆದ ನೀರಿನ ಬಣ್ಣದ ದ್ರವ. 1915ರಲ್ಲೇ ಇಂತಹ ಪ್ರಯತ್ನವೊಂದು ನಡೆದು ಮರೆಯಾಗಿತ್ತು. 1953ರಲ್ಲಿ ಡೇ ಮತ್ತು ಅವರ ಸಹೋದ್ಯೋಗಿ ಚಟರ್ಜಿ ಪ್ರಕಟಿಸಿದ ವಿಧಾನವೇ ಜಗತ್ತಿನ ಪ್ರಯೋಗಾಲಯಗಳಲ್ಲಿ ನೆಲೆಗೊಂಡಿತು.

ನಿರ್ಣಾಯಕ ಹೆಜ್ಜೆ ಬಂದದ್ದು 1959ರಲ್ಲಿ. ಆಗ ಅವರು ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲಿದ್ದರು. ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ಜೀವಾಣು ಇಲ್ಲದಂತೆ ಮಾಡಿ, ಆ ತಿಳಿಯನ್ನಷ್ಟೇ ಮೊಲದ ಕರುಳಿಗೆ ಸೇರಿಸಿದರು. ಕರುಳು ಮತ್ತೆ ಊದಿಕೊಂಡಿತು. ಜೀವಾಣು ಇಲ್ಲದೆಯೂ ರೋಗದ ಲಕ್ಷಣ ಮೂಡಿತ್ತು. ಎಂದರೆ, ಬದುಕಿರುವ ಬ್ಯಾಕ್ಟೀರಿಯಾವೇ ನಂಜನ್ನು ಹೊರಕ್ಕೆ ಸ್ರವಿಸುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಈ ಪುಟ್ಟ ಲೇಖನ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂಬಯಿಯ ಹಾಫ್‌ಕಿನ್ ಸಂಸ್ಥೆಯ ಎನ್.ಕೆ. ದತ್ತ ಮತ್ತು ಸಂಗಡಿಗರೂ ಅದೇ ವರ್ಷ ಬೇರೆ ದಾರಿಯಿಂದ ಇಂತಹುದೇ ನಿಲುವಿಗೆ ಬಂದಿದ್ದರು.

1969ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ನಂಜನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಅದೊಂದು ಪ್ರೋಟೀನು. ಅದರ ಐದು ಘಟಕಗಳು ಕರುಳಿನ ಜೀವಕೋಶಕ್ಕೆ ಅಂಟಿಕೊಂಡರೆ, ಆರನೆಯದು ಒಳನುಗ್ಗಿ ಉಪ್ಪು ನೀರುಗಳ ತೂಬನ್ನು ತೆರೆದುಬಿಡುತ್ತದೆ. ಕರುಳಿನ ಗೋಡೆ ಹರಿಯುವುದಿಲ್ಲ. ದೇಹದ ನೀರು ಬರಿದಾಗಿ ರೋಗಿ ಸಾಯುತ್ತಾನೆ. ಕಳೆದುಹೋದ ನೀರು ಮತ್ತು ಲವಣವನ್ನು ಮರಳಿ ತುಂಬಿದರೆ ಜೀವ ಉಳಿಯುತ್ತದೆ ಎಂಬ ಚಿಕಿತ್ಸೆಯ ಹಿಂದಿರುವ ತಿಳಿವೂ ಇದೇ.

ಯಂತ್ರದ ಕಣ್ಣಿಗೆ ನಂಜು

ಈಗ ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಾ ಗುರುತಿಸಲು ಮಾಸ್ ಸ್ಪೆಕ್ಟ್ರೋಮೀಟರ್ ಬಳಸುತ್ತಾರೆ. ಲೇಸರ್ ಬೆಳಕಿನಿಂದ ಪ್ರೋಟೀನುಗಳಿಗೆ ವಿದ್ಯುದಂಶ ನೀಡಿ ನಿರ್ವಾತ ಕೊಳವೆಯಲ್ಲಿ ಹಾರಿಸಿದರೆ, ಹಗುರವಾದದ್ದು ಮೊದಲು, ಭಾರವಾದದ್ದು ನಂತರ ಗುರಿ ತಲುಪುತ್ತದೆ. ಆ ಸಮಯದ ಲೆಕ್ಕದಿಂದ ತೂಕ ತಿಳಿಯುತ್ತದೆ. ಪ್ರೋಟೀನಿನಂತಹ ದೊಡ್ಡ ಅಣುಗಳನ್ನು ಒಡೆಯದೆ ತೂಗುವ ಬಗೆಯನ್ನು ತೋರಿದ ಕೊಯಿಚಿ ತನಾಕಾ ಮತ್ತು ಜಾನ್ ಫೆನ್ 2002ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಆದರೆ ಈ ನಿತ್ಯದ ತಪಾಸಣೆ ಹೇಳುವುದು ಬ್ಯಾಕ್ಟೀರಿಯಾದ ಜಾತಿಯನ್ನು ಮಾತ್ರ. ಕಾಲರಾ ಬ್ಯಾಕ್ಟೀರಿಯಾಗಳಲ್ಲಿ ನಂಜು ಸ್ರವಿಸದ ತಳಿಗಳೂ ಹೇರಳವಾಗಿವೆ. ಜೀವಾಣು ಬೇರೆ, ನಂಜು ಬೇರೆ ಎಂದು ಡೇ ಬಿಡಿಸಿ ತೋರಿದ್ದು ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ನಂಜನ್ನೇ ಹುಡುಕಬೇಕಾದರೆ ಮಾದರಿಯಲ್ಲಿನ ಪ್ರೋಟೀನುಗಳನ್ನು ಕಿಣ್ವದಿಂದ ತುಂಡರಿಸಿ, ತುಣುಕುಗಳ ತೂಕ ಆ ನಂಜಿಗೇ ವಿಶಿಷ್ಟವಾದದ್ದೇ ಎಂದು ತಾಳೆ ನೋಡಬೇಕು. ಬಾಟ್ಯುಲಿನಮ್‌ನಂತಹ ನಂಜು ತೀರ ಅಲ್ಪ ಪ್ರಮಾಣದಲ್ಲಿರುವಾಗ ಇದೂ ಸಾಲದು. ಆಗ ಆ ನಂಜು ಕತ್ತರಿಸಬಲ್ಲ ಕಿರು ಪ್ರೋಟೀನನ್ನು ಅದರ ಮುಂದಿಟ್ಟು, ಕತ್ತರಿಸಿದ ಚೂರುಗಳನ್ನು ತೂಗುವ ವಿಧಾನವನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ರೂಪಿಸಿದ್ದಾರೆ. ನಂಜನ್ನು ಅದರ ಕೆಲಸದಿಂದಲೇ ಹಿಡಿಯುವ ಜಾಣ್ಮೆ ಇದು. ಮೊಲದ ಕರುಳಿನ ಗಂಟೂ ಮಾಡಿದ್ದು ಇದನ್ನೇ.

ತಡವಾಗಿ ಬಂದ ಮನ್ನಣೆ

1973ರಲ್ಲಿ ನಿವೃತ್ತರಾಗುವವರೆಗೂ ಡೇ ಕಲ್ಕತ್ತ ಮೆಡಿಕಲ್ ಕಾಲೇಜಿನಲ್ಲೇ ದುಡಿದರು. 1978ರಲ್ಲಿ ಸ್ವೀಡನ್ನಿನ ನೊಬೆಲ್ ವಿಚಾರಗೋಷ್ಠಿಗೆ ಆಹ್ವಾನ ಬಂದಾಗ, ಈ ಮನುಷ್ಯ ಇನ್ನೂ ಬದುಕಿದ್ದಾರೆಂಬುದು ಹಲವರಿಗೆ ಗೊತ್ತಾಯಿತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ಡೇ ಹೆಸರನ್ನು ಆ ಪ್ರಶಸ್ತಿಗೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದರೂ ಅದು ಕೈಗೂಡಲಿಲ್ಲ. ಸ್ವದೇಶದ ವಿಜ್ಞಾನ ಅಕಾಡೆಮಿಗಳ ಗೌರವವಾಗಲಿ, ದೊಡ್ಡ ಪ್ರಶಸ್ತಿಗಳಾಗಲಿ ಅವರ ಜೀವಿತಕಾಲದಲ್ಲಿ ಒಲಿಯಲಿಲ್ಲ. 1985ರ ಏಪ್ರಿಲ್ 15ರಂದು ಅವರು ತೀರಿಕೊಂಡರು.

ಐದು ವರ್ಷಗಳ ಬಳಿಕ, 1990ರಲ್ಲಿ, ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆ ಡೇ ಅವರ ಕೆಲಸವನ್ನು ಸ್ಮರಿಸಿ ವಿಶೇಷ ಸಂಚಿಕೆ ಹೊರತಂದಿತು. ದೇಶ ಮರೆತ ವಿಜ್ಞಾನಿಯ ಋಣವನ್ನು ಕನ್ನಡ ನೆಲದ ಪತ್ರಿಕೆಯೊಂದು ಸ್ವಲ್ಪಮಟ್ಟಿಗಾದರೂ ತೀರಿಸಿತು.

ಕಾಲರಾ ಇನ್ನೂ ನಮ್ಮನ್ನು ಬಿಟ್ಟುಹೋಗಿಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಪ್ರಕರಣಗಳು ವರದಿಯಾದವು. ಯಂತ್ರಗಳು ಸೂಕ್ಷ್ಮವಾದಷ್ಟೂ ನಂಜಿನ ಪತ್ತೆ ಚುರುಕಾಗುತ್ತದೆ, ನಿಜ. ಆದರೆ ಏನನ್ನು ಹುಡುಕಬೇಕು ಎಂಬುದನ್ನು ಯಂತ್ರ ತಾನಾಗಿ ಹೇಳಲಾರದು. ಅದನ್ನು ಹೇಳಲು ಒಂದಿಷ್ಟು ದಾರ, ಒಂದು ಸೋಸುಕ ಮತ್ತು ಸರಿಯಾದ ಪ್ರಶ್ನೆಯನ್ನು ಕೈಯಲ್ಲಿ ಹಿಡಿದ ಒಬ್ಬ ಶಂಭುನಾಥ ಡೇ ಬೇಕಾಯಿತು.