ಅಬ್ಬೆ ನೊಲೆ

1700ರಲ್ಲಿ ಫ್ರಾನ್ಸಿನ ರೈತಕುಟುಂಬವೊಂದರಲ್ಲಿ ಜನಿಸಿದ ಝಾನ್ ಆಂತ್ವಾನ್ ನೊಲೆಯವರು ಪಾದ್ರಿಯಾಗಲೆಂದು ಓದಿದವರು, ಮನಸೋತುದು ಭೌತವಿಜ್ಞಾನಕ್ಕೆ. ಮುಂದೆ ಯುವರಾಜನಿಗೂ ಗುರುಗಳಾದರು.

1748ರಲ್ಲಿ ಅವರು ಮದ್ಯಸಾರ ತುಂಬಿದ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು, ಗಾಳಿ ಸೋಕದಿರಲೆಂದು ನೀರಿನಲ್ಲಿ ಮುಳುಗಿಸಿಟ್ಟರು. ಕೆಲವು ಗಂಟೆಗಳ ತರುವಾಯ ನೋಡಿದರೆ ಪೊರೆ ಉಬ್ಬಿ ನಿಂತಿದೆ! ಚುಚ್ಚಲು, ದ್ರವವು ಮೇಲಕ್ಕೆ ಚಿಮ್ಮಿತು. ನಾವಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಚೆಲ್ಲಿಬಿಡುತ್ತಿದ್ದೆವೇನೋ. ನೊಲೆಯವರು ಒಳಗೆ ನೀರನ್ನೂ ಹೊರಗೆ ಮದ್ಯಸಾರವನ್ನೂ ಇಟ್ಟು ಮತ್ತೆ ಪರೀಕ್ಷಿಸಿದರು. ಈ ಸಲ ಪೊರೆ ಒಳಕ್ಕೆ ತಗ್ಗಿತು. ನೀರಿಗೆ ಸುಲಭವಾಗಿ ದಾರಿ ಬಿಡುವ ಪೊರೆ ಮದ್ಯಸಾರವನ್ನು ಅಷ್ಟಾಗಿ ಬಿಡದೆಂಬುದು ಸ್ಪಷ್ಟವಾಯಿತು.

ಪಾಠದಲ್ಲಿ ನಾವು ಅಭಿಸರಣವೆಂದು ಓದುವುದು ಇದನ್ನೇ. ಬೇರಿನ ಜೀವಕೋಶಗಳು ಮಣ್ಣಿನ ನೀರನ್ನು ಸೆಳೆಯುವುದೂ ಹೀಗೆಯೇ. ಆದರೆ ಅದನ್ನು ಗಿಡಗಳಲ್ಲಿ ತೋರಿಸಿದ ಡ್ಯುಟ್ರೋಶೆಯವರು ಹುಟ್ಟಿದ್ದು 1776ರಲ್ಲಿ. ನೊಲೆಯವರು 1770ರಲ್ಲಿಯೇ ತೀರಿಕೊಂಡಿದ್ದರು.