ನಳಿಕೆಗೆಂದು ಹುಟ್ಟಿದ ಉಕ್ಕು, ಊಟದ ಮೇಜಿಗೆ ಬಂದ ಕಥೆ

ತುಕ್ಕು ಹಿಡಿಯದ ಉಕ್ಕು ನಮ್ಮ ಅಡುಗೆಮನೆಗಳಲ್ಲಿ ನೆಲೆಯೂರಿದೆ. ಆದರೆ ಹ್ಯಾರಿ ಬ್ರಿಯರ್ಲಿ ಅದನ್ನು ಕಂಡುಕೊಂಡದ್ದು ಬಂದೂಕಿನ ಸಮಸ್ಯೆಯ ಬೆನ್ನು ಹತ್ತಿ ಹೊರಟಾಗ.

1871ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ಬಡ ಕಾರ್ಮಿಕ ಕುಟುಂಬವೊಂದರಲ್ಲಿ ಬ್ರಿಯರ್ಲಿ ಜನಿಸಿದರು. ತಂದೆ ಉಕ್ಕು ಕರಗಿಸುವ ಕುಲುಮೆಯ ಕೆಲಸಗಾರ. 12ನೇ ವಯಸ್ಸಿಗೇ ಶಾಲೆ ಬಿಟ್ಟ ಬಾಲಕ ಥಾಮಸ್ ಫರ್ತ್ ಕಂಪನಿಯ ರಾಸಾಯನಿಕ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿದ. ಬಿಡುವಿನಲ್ಲಿ ತಾನೇ ಓದಿ ಲೋಹಶಾಸ್ತ್ರ ಕಲಿತ. 1908ರಲ್ಲಿ ಎರಡು ಉಕ್ಕಿನ ಕಂಪನಿಗಳು ಸೇರಿ ಸ್ಥಾಪಿಸಿದ ಸಂಶೋಧನಾಲಯಕ್ಕೆ ಅದೇ ಬ್ರಿಯರ್ಲಿ ಮುಖ್ಯಸ್ಥರಾದರು.

ಗುಂಡು ಹಾರಿದಾಗಲೆಲ್ಲ ಸಿಡಿಮದ್ದಿನ ಕಾವಿಗೆ ನಳಿಕೆಯ ಒಳಮೈ ಸವೆಯುವುದನ್ನು ತಡೆಯುವ ಕೆಲಸ 1912ರಲ್ಲಿ ಅವರ ಪಾಲಿಗೆ ಬಂತು. ಕ್ರೋಮಿಯಂ ಬೆರೆಸಿದ ಉಕ್ಕನ್ನು ಅವರು ಪರೀಕ್ಷಿಸತೊಡಗಿದರು. 1913ರ ಆಗಸ್ಟ್ 13ರಂದು ಎರಕ ಹೊಯ್ದ ಮಾದರಿಯಲ್ಲಿ ಶೇ 12.8ರಷ್ಟು ಕ್ರೋಮಿಯಂ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಲು ಉಕ್ಕಿನ ಮೇಲ್ಮೈಯನ್ನು ಆಮ್ಲದಿಂದ ಕೊರೆಯಬೇಕು. ಇದು ಕೊರೆತಕ್ಕೆ ಸುಲಭವಾಗಿ ಜಗ್ಗಲಿಲ್ಲ. ವಿನೆಗರ್, ನಿಂಬೆರಸಕ್ಕೂ ಕರೆಗಟ್ಟಲಿಲ್ಲ.

ಚಾಕುಗಳ ಊರಿನ ಮಗನಿಗೆ ತಕ್ಷಣ ನೆನಪಾದದ್ದು ಚಾಕು. ಮಾಲೀಕರಿಗೆ ಮಾತ್ರ ಆಸಕ್ತಿಯಿರಲಿಲ್ಲ. ಚಾಕು ತಯಾರಕರೂ ಕತ್ತರಿಸದ ಚಾಕು ಕಂಡುಹಿಡಿದವನೆಂದು ಗೇಲಿ ಮಾಡಿದರು. ಕೊನೆಗೆ 1914ರಲ್ಲಿ ಮೋಸ್ಲಿ ಕಾರ್ಖಾನೆಯ ಅರ್ನೆಸ್ಟ್ ಸ್ಟುವರ್ಟ್ ಅದನ್ನು ಹದವಾಗಿ ಬಡಿದು ಚಾಕು ಮಾಡಿಸಿದರು. ‘ಸ್ಟೇನ್‌ಲೆಸ್’ ಎಂಬ ಹೆಸರೂ ಅವರದೇ.

ಲಾಭದ ವಾಸನೆ ಬಡಿದೊಡನೆ ಹಕ್ಕಿನ ಜಗಳ ಹುಟ್ಟಿತು. ಸಂಬಳ ಕೊಟ್ಟವರದೇ ಶೋಧವೆಂಬುದು ಕಂಪನಿಯ ನಿಲುವು. ಬ್ರಿಯರ್ಲಿ ರಾಜೀನಾಮೆ ಕೊಟ್ಟು ಬೇರೊಂದು ಕಂಪನಿ ಸೇರಿದರು. 1916ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಜರ್ಮನಿಯ ಕ್ರುಪ್ ಕಂಪನಿ ಮತ್ತು ಅಮೆರಿಕದ ಎಲ್‌ವುಡ್ ಹೇನ್ಸ್ ಕೂಡ ಅದೇ ಕಾಲಕ್ಕೆ ಇಂಥ ಉಕ್ಕುಗಳತ್ತ ಸಾಗಿದ್ದರೆಂಬುದೂ ನಿಜ. 1920ರಲ್ಲಿ ಬೆಸೆಮರ್ ಪದಕ ಗಳಿಸಿದ ಬ್ರಿಯರ್ಲಿ 1948ರಲ್ಲಿ ನಿಧನರಾದರು.

ಬಂದೂಕಿನ ಲೋಕ ಈ ಉಕ್ಕಿಗೆ ಮರಳಿದ್ದು ಬಹಳ ತಡವಾಗಿ. ಸ್ಮಿತ್ ಅಂಡ್ ವೆಸನ್ ಸ್ಟೇನ್‌ಲೆಸ್ ರಿವಾಲ್ವರ್ ತಂದದ್ದು 1965ರಲ್ಲಿ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ 1971ರಲ್ಲಿ ‘ಆಟೊ ಮ್ಯಾಗ್’ ಎಂಬ ಸ್ಟೇನ್‌ಲೆಸ್ ಪಿಸ್ತೂಲನ್ನು ಮಾರುಕಟ್ಟೆಗೆ ತಂದ ಪುಟ್ಟ ಕಂಪನಿ ಮರುವರ್ಷವೇ ದಿವಾಳಿಯಾಯಿತು.

ದುಡಿಮೆಗೆ ಸಂಬಳವುಂಟು, ದುಡಿಯುವವನ ಕಣ್ಣಿಗೆ ಅನಿರೀಕ್ಷಿತವಾಗಿ ಬಿದ್ದ ಸತ್ಯಕ್ಕೆ ಒಡೆಯರು ಯಾರು? ಬ್ರಿಯರ್ಲಿ ಎತ್ತಿದ ಆ ಪ್ರಶ್ನೆಗೆ ಇನ್ನೂ ತುಕ್ಕು ಹಿಡಿದಿಲ್ಲ.